ತೊಲೆಯ ಕೆಳಗೆ ನಿಲ್ಲುವವರು

ನಮ್ಮ ಯಜಮಾನರಾದ ಜಿಲಾನಿಸಾಬರದು ಒಂದೇ ಹಟ. ತಾವು ಕಟ್ಟಿದ ತೊಲೆಗೆ ಮೊದಲ ಭಾರ ಹೇರುವಾಗ ತಾವೇ ಅದರ ಕೆಳಗೆ ನಿಲ್ಲಬೇಕು. ನಮ್ಮ ಮಾವನವರೂ ಹೀಗೇ ನಿಲ್ಲುತ್ತಿದ್ದರಂತೆ. ಸಿಂಧನೂರಿನ ನಮ್ಮ ವೆಲ್ಡಿಂಗ್ ಅಂಗಡಿಗೆ ಹೆಸರು ಬಂದದ್ದೇ ಇದರಿಂದ. ನನ್ನ ಎದೆ ಢವಗುಟ್ಟುವುದೂ ಇದರಿಂದಲೇ.

ತುರ್ವಿಹಾಳದ ಗಾದಿಲಿಂಗನ ಅಕ್ಕಿ ಗಿರಣಿಯಲ್ಲಿ ನೆಲ್ಲಿನ ಚೀಲ ಎತ್ತಲು ಒಂದು ತೊಲೆ ಬೇಕಿತ್ತು. ಯಜಮಾನರು ತೆಳು ಉಕ್ಕಿನ ತಗಡು ಬಾಗಿಸಿ ಉದ್ದನೆಯ, ಎತ್ತರದ, ಹಗುರ ತೊಲೆ ಮಾಡಿದರು. ನೋಡಲು ಬಲು ಚೆಂದ. ಮೇಲೇರಿಸಿ, ಕಪ್ಪಿ ಕಟ್ಟಿ, ಕೆಳಗೆ ಹೋಗಿ ನಿಂತೇಬಿಟ್ಟರು.

"ಅಬ್ಬಾ, ಈ ಕಡೆ ಬರ್ರಿ," ಎಂದಳು ಮಗಳು ಫಿರ್ದೋಸ್. ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದಿ ಈಗ ಅಪ್ಪನ ಜೊತೆಗೇ ದುಡಿಯುತ್ತಾಳೆ. "ತೊಲಿ ಕೆಳಗ ಬಾಗಂಗಿಲ್ಲ, ಖರೆ. ಬಾಜೂಕ ಸರದು ಹೊಳ್ಳತೈತಿ."

"ನಂಗ ಹೇಳಾಕ ಬಂದಿಯೇನು?" ಗಾದಿಲಿಂಗನ ಎದುರೇ ಅವರು ಗುಡುಗಿದರು.

ಇವಳೇನು ಕಡಿಮೆಯೇ? ಎರಡು ಇಟ್ಟಿಗೆಗಳ ಮೇಲೆ ತಗಡಿನ ಪಟ್ಟಿಯೊಂದನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಬೆರಳಿನಿಂದ ಒತ್ತಿದಳು. ಪಟ್ಟಿ ಜಗ್ಗಲಿಲ್ಲ, ಪಕ್ಕಕ್ಕೆ ವಾಲಿ, ತಿರುಚಿ ಮಲಗಿತು.

"ತಗಡು ಬ್ಯಾರೆ, ತೊಲಿ ಬ್ಯಾರೆ," ಎಂದು ಗೊಣಗಿದರು. ಜೊತೆಗೆ ಹೋಗಿದ್ದ ನಾನೂ ಬಿಡಲಿಲ್ಲ. "ನನ್ನ ಆಣಿ ಐತಿ, ಇದೊಂದು ಸರ್ತಿ ದೂರ ನಿಂದ್ರಿ" ಎಂದು ತೋಳು ಹಿಡಿದು ಎಳೆದೆ.

ಗಿರಣಿಯ ಹಮಾಲರು ಹಗ್ಗ ಎಳೆದರು, ಚೀಲಗಳು ನೆಲ ಬಿಟ್ಟವು. ತೊಲೆಯ ಮೇಲಂಚು ಮೆಲ್ಲಗೆ ಪಕ್ಕಕ್ಕೆ ಸರಿಯಿತು, ಕೆಳಂಚು ಅಲ್ಲೇ ಉಳಿಯಿತು, ಇಡೀ ತೊಲೆ ಹೊರಳತೊಡಗಿತು. ಫಿರ್ದೋಸ್ ಕೂಗಿ ಚೀಲ ಇಳಿಸಿದಳು. ಯಜಮಾನರ ಮುಖ ಬಿಳಿಚಿತ್ತು. "ದಪ್ಪ ತಗಡು ತರ್ತೀನಿ. ಇದನ್ನ ಗುಜರಿಗೆ ಹಾಕು," ಎಂದರು.

"ಯಾಕ್ರಿ ಅಬ್ಬಾ? ನಿಮ್ಮ ತೊಲಿ ಚಲೋ ಐತಿ. ಬಾಜೂಕ ಹಿಡಕೊಳ್ಳೋರು ಬೇಕು, ಅಷ್ಟ."

ಗಿರಣಿಯ ಮಾಡು ಹೊತ್ತ ಪಕ್ಕದ ತೊಲೆಗಳಿಂದ ಇದರ ಮೇಲಂಚಿಗೆ ಅಲ್ಲಲ್ಲಿ ಅಡ್ಡಪಟ್ಟಿ ಹಾಕಿಸಿದಳು. ಗುರುತು ಹಾಕಿದ್ದು ಅವಳು, ಬೆಸೆದದ್ದು ಅವರು. ಮತ್ತೆ ಚೀಲ ಕಟ್ಟಿದರು. ಯಜಮಾನರು ಕೈ ಒರೆಸಿಕೊಂಡು ಎಂದಿನಂತೆ ನಿಲ್ಲಲು ಹೊರಡುವಷ್ಟರಲ್ಲಿ ಫಿರ್ದೋಸ್ ಆಗಲೇ ತೊಲೆಯ ಕೆಳಗೆ ನಿಂತಿದ್ದಳು.

"ಹೊರಗ ಬಾ ಬೇ!" ಎಂದು ಅವರು ಚೀರಿದರು. ಅಷ್ಟು ವರ್ಷ ನಾನು ಪಟ್ಟ ಸಂಕಟ ಅವರಿಗೆ ಅಂದು ತಿಳಿಯಿತು.

"ಲೆಕ್ಕ ನಂದು ಅಬ್ಬಾ. ನಾನ ನಿಂದ್ರಬೇಕು. ಎತ್ರಿ!"

ಚೀಲಗಳು ಅವಳ ನೆತ್ತಿಯ ಮೇಲೆ ಏರಿದವು. ತೊಲೆ ಅಲುಗಲಿಲ್ಲ. ಯಜಮಾನರು ಒಂದು ಗಳಿಗೆ ನೋಡಿದರು, ಆಮೇಲೆ ನಡೆದುಹೋಗಿ ಅವಳ ಪಕ್ಕದಲ್ಲಿ ನಿಂತರು.

"ಯಾರು ಮಾಡ್ಯಾರ ಅಂತ ಹೇಳ್ಲಿ ಮಂದಿಗೆ?" ಎಂದ ಗಾದಿಲಿಂಗ.

"ಕಾಣವಲ್ದೇನು? ಇಬ್ಬರೂ ನಿಂತೀವಿ," ಎಂದರು.

ನನ್ನ ಮನೆಯೆಂಬ ಮನೆಯೆಲ್ಲ ಆ ಚೀಲಗಳ ಕೆಳಗಿತ್ತು. ಬೈಯಬೇಕೆಂದು ಬಾಯಿ ತೆರೆದೆ. ಹೊರಬಿದ್ದದ್ದು ಹೆಮ್ಮೆ: "ನೋಡ್ರಿ, ನಮ್ಮ ಮಂದಿ!"