ನೀರು ಮೂಸುವ ಮ್ಯಾನೇಜರು

ಯಾರ ಮನೆಯಲ್ಲಿ ನೀರು ಕೊಟ್ಟರೂ ಲೋಟವನ್ನು ಮೊದಲು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಆಮೇಲಷ್ಟೇ ತುಟಿಗೆ ತಾಗಿಸುವುದು ಪೆಟ್ರೋಲ್ ಬಂಕಿನ ಮ್ಯಾನೇಜರ ಅಭ್ಯಾಸವಾಗಿತ್ತು. ಮಗಳನ್ನು ಕೊಟ್ಟ ಬೀಗರ ಮನೆಯಲ್ಲೂ ಹಾಗೆಯೇ ಮಾಡಿ, ಬೀಗಿತ್ತಿ ಮುಖ ಗಂಟುಹಾಕಿಕೊಂಡಾಗ, ಹೆಂಡತಿ ದಾರಿಯುದ್ದಕ್ಕೂ, "ನಿಮ್ಮಿಂದ ನಾನು ತಲೆ ಎತ್ತೋ ಹಾಗಿಲ್ಲ. ಅವರೇನು ನಿಮಗೆ ವಿಷ ಹಾಕ್ತಾರಾ?" ಎಂದು ಬೈದಿದ್ದರು. ಯಾವ ಮಾತನ್ನೂ "ಅಲ್ಲ, ಏನಂದ್ರೆ..." ಎಂದು ಆರಂಭಿಸಿ, ಎದುರಿಗಿದ್ದವರ ಮುಖ ನೋಡಿ, ಅರ್ಧಕ್ಕೇ ನುಂಗಿಬಿಡುವ ಜಾಯಮಾನ ಮ್ಯಾನೇಜರದು. ಉರಿಬೇಸಿಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಬೂದುಬಣ್ಣದ ಕೋಟು. ಗೋಡೆ ಸವರಿಕೊಂಡು, ಯಾರಿಗೂ ಅಡ್ಡವಾಗದಂತೆ ಸರಿಯುವ ನಡಿಗೆ.

ನೀರಿನ ಬಗೆಗಿನ ಈ ಭಯದ ಮೂಲ ಬಂಕಿನ ಹಿತ್ತಲಿನ ನೆಲದಡಿಯಲ್ಲಿತ್ತು. ಹೊಸ ಟ್ಯಾಂಕುಗಳು ಬಂದಾಗ ಹಳೆಯ ಕಬ್ಬಿಣದ ಟ್ಯಾಂಕನ್ನು ಬರಿದು ಮಾಡಿ, ಮರಳು ತುಂಬಿ ಮುಚ್ಚಬೇಕಿತ್ತು. ಮಾಲೀಕರು ಅವಸರದಲ್ಲಿ ಮೇಲೊಂದಿಷ್ಟು ಸಿಮೆಂಟ್ ಬಳಿಸಿ ಕೈತೊಳೆದುಕೊಂಡರು. ತಳದಲ್ಲಿ ಡೀಸೆಲ್ ಉಳಿದೇ ಇತ್ತು. ಕಾಂಪೌಂಡ್ ಗೋಡೆಯಾಚೆ ಟೈಲರಮ್ಮನ ಮನೆ, ಮನೆಯ ಬಾವಿ, ಆ ಬಾವಿಯ ನೀರು ಕುಡಿದು ಬೆಳೆಯುತ್ತಿದ್ದ ಪುಟ್ಟ ಮೊಮ್ಮಗಳು. ಗೋಡೆಯ ಬಳಿ ನಿಂತಾಗಲೆಲ್ಲ ಮ್ಯಾನೇಜರಿಗೆ ತೆಳುವಾದ ವಾಸನೆಯೊಂದು ಬಂದಂತಾಗುತ್ತಿತ್ತು. ಬಂಕಿನಲ್ಲಿ ಆಯುಷ್ಯ ಸವೆಸಿದವನ ಕೈಯೇ ಡೀಸೆಲ್ ನಾರುತ್ತದೆ, ಅದೇ ಇರಬೇಕೆಂದು ಸಮಾಧಾನ ಹೇಳಿಕೊಂಡು ಸೋಪು ಹಾಕಿ ಕೈ ತಿಕ್ಕುತ್ತಿದ್ದರು. ಊರೆಲ್ಲರ ಮನೆಯ ನೀರು ಮೂಸಿದವರು ಟೈಲರಮ್ಮನ ಹೊಸ್ತಿಲನ್ನು ಮಾತ್ರ ತುಳಿದಿರಲಿಲ್ಲ. ಕರೆದಾಗಲೆಲ್ಲ ಏನಾದರೊಂದು ನೆಪ.

ಪರಿಸರ ಇಲಾಖೆಯವರು ನೆಲದಡಿಯ ಟ್ಯಾಂಕುಗಳ ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂತು. ಮಾಲೀಕರು ಮ್ಯಾನೇಜರನ್ನು ಕರೆದು, "ಇರೋದು ಎರಡೇ ಟ್ಯಾಂಕು. ಕೇಳಿದ್ದಕ್ಕಷ್ಟೇ ಬಾಯಿ ಬಿಡಿ. ತಿಳೀತಲ್ಲ?" ಎಂದರು.

"ಅಲ್ಲ, ಏನಂದ್ರೆ..."

"ಏನೂ ಅನ್ನೋದು ಬೇಡ."

ಬಂದ ಅಧಿಕಾರಿ ಮಿತಭಾಷಿಯಾದ ಹೆಣ್ಣುಮಗಳು. ಮುಚ್ಚಳ ತೆಗೆಸಿ, ಅಳತೆಕೋಲು ಇಳಿಸಿ, ಪೈಪಿನ ಜೋಡಣೆಗಳನ್ನು ಟಾರ್ಚ್ ಬಿಟ್ಟು ನೋಡಿ, "ಎರಡೂ ಸರಿಯಾಗಿವೆ" ಎಂದರು. ಮಾಲೀಕರ ಮುಖ ಅರಳಿತು. ಮ್ಯಾನೇಜರ ಅಂಗಿ ಕೋಟಿನೊಳಗೆ ಬೆವರಿನಿಂದ ತೊಯ್ದು ಬೆನ್ನಿಗಂಟಿತ್ತು. ಅಷ್ಟರಲ್ಲಿ, ಬಿಸಿಲಲ್ಲಿ ಬೆಂದು ನಿಂತಿದ್ದ ಅಧಿಕಾರಿಯನ್ನು ಕಂಡು ಮರುಗಿದ ಟೈಲರಮ್ಮ ಗೋಡೆಯ ಮೇಲಿಂದ ಒಂದು ಚೊಂಬು ಚಾಚಿದರು. "ತಗೊಳಮ್ಮ, ಬಾವಿ ನೀರು, ತಣ್ಣಗಿದೆ." ಅಧಿಕಾರಿ ಚೊಂಬೆತ್ತಿದರು.

"ಕುಡೀಬೇಡಿ!"

ಆ ಕೂಗು ತಮ್ಮದೇ ಎಂದು ತಿಳಿಯಲು ಮ್ಯಾನೇಜರಿಗೆ ಒಂದು ಕ್ಷಣ ಬೇಕಾಯಿತು. ಅದನ್ನು ಧೈರ್ಯವೆಂದು ಕರೆಯಲಾಗದು. ವರ್ಷಗಟ್ಟಲೆ ಅದುಮಿಟ್ಟ ದಿಗಿಲು ಬಾಯಿತಪ್ಪಿ ಹೊರಬಿದ್ದಿತ್ತು. ಮಾಲೀಕರ ಮುಖ ಕಪ್ಪಿಟ್ಟಿತು. ಟೈಲರಮ್ಮ ಏನೂ ಅರ್ಥವಾಗದೆ, "ಯಾಕೆ? ನಾವು ದಿನಾ ಕುಡಿಯೋದು ಇದನ್ನೇ. ವಾಸನೆ ಬಂದ್ರೂ ಬಂಕಿನ ಗಾಳೀದು ಅಂದ್ಕೊಂಡಿದ್ವಿ" ಎಂದರು.

ಮ್ಯಾನೇಜರು ಸಿಮೆಂಟ್ ಬಳಿದ ಜಾಗಕ್ಕೆ ಹೋಗಿ ನಿಂತರು. "ಇಲ್ಲಿ ಇನ್ನೊಂದಿದೆ."

ಅಗೆದಾಗ ಟ್ಯಾಂಕಿನ ತಳ ಜರಡಿಯಾಗಿತ್ತು. ಸುತ್ತಲಿನ ಮಣ್ಣು ಕಪ್ಪಾಗಿ ಜಿಗುಟಾಗಿತ್ತು. ಬಂಕಿಗೆ ಬೀಗ ಬಿತ್ತು, ಬಾವಿಗೆ ಮುಚ್ಚಳ ಬಿತ್ತು, ಮ್ಯಾನೇಜರ ನೌಕರಿ ಹೋಯಿತು. ಅವರನ್ನು ಸುಟ್ಟದ್ದು ಮಾತ್ರ ಆಸ್ಪತ್ರೆಯ ಪಡಸಾಲೆಯಲ್ಲಿ ಕೇಳಬೇಕಾಗಿ ಬಂದ ಮಾತು. ಮೊಮ್ಮಗಳ ರಕ್ತಪರೀಕ್ಷೆಗೆ ಬಂದಿದ್ದ ಟೈಲರಮ್ಮ, ಸುದ್ದಿ ತಿಳಿದು ಅಲ್ಲಿಗೆ ಬಂದು ನಿಂತಿದ್ದ ಅವರನ್ನು ನೇರವಾಗಿ ನೋಡಿ, "ನಿಮಗೆ ಗೊತ್ತಿತ್ತಾ?" ಎಂದರು.

"ಅಲ್ಲ, ಏನಂದ್ರೆ... ಅನುಮಾನ ಇತ್ತು."

"ಕೂಸು ಕುಡೀತಿತ್ತು ಕಣ್ರೀ. ಅನುಮಾನ ಇದ್ದೋರು ಅವತ್ತೇ ಹೇಳಬೇಕಿತ್ತು."

ಸದ್ಯಕ್ಕೆ ತೊಂದರೆ ಕಾಣುತ್ತಿಲ್ಲ, ಆದರೆ ಪ್ರತಿ ವರ್ಷ ತೋರಿಸುತ್ತಿರಬೇಕು ಎಂದರು ವೈದ್ಯರು. ಪ್ರತಿ ವರ್ಷವೂ ಮ್ಯಾನೇಜರು ಹೋಗಿ ದೂರದಲ್ಲಿ ನಿಲ್ಲುತ್ತಾರೆ. ಟೈಲರಮ್ಮ ಮಾತಾಡಿಸುವುದಿಲ್ಲ, ಹೋಗಿ ಎನ್ನುವುದೂ ಇಲ್ಲ.

ಹೆದರುವವರನ್ನು ಕಂಡರೆ ನಾವು ನಗುತ್ತೇವೆ. ಕೇಡಿನ ಸುಳಿವು ಎಲ್ಲರಿಗಿಂತ ಮೊದಲು ಹತ್ತುವುದು ಅವರಿಗೇ ಎಂಬುದನ್ನು ಮರೆಯುತ್ತೇವೆ. ಲೋಕದ ಅನಾಹುತಗಳೆಲ್ಲ ದುಷ್ಟರಿಂದಲೇ ಆಗುವುದಿಲ್ಲ. ಕೇಡನ್ನು ಮೊದಲೇ ಕಂಡು, ಕಂಡದ್ದು ಸುಳ್ಳೆಂದು ತಮಗೇ ಹೇಳಿಕೊಂಡ ಸಜ್ಜನರ ಪಾಲೂ ಅದರಲ್ಲಿರುತ್ತದೆ. ಅಂಥವರು ಬಾಯಿ ಬಿಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆದರೂ ಅವರೂ ಬಾಯಿ ಬಿಡದೆ ಹೋದರೆ, ಗೊತ್ತಿದ್ದವರಲ್ಲಿ ಇನ್ನಾರು ಬಿಟ್ಟಾರು?