ನೀಲಿ ಡಬ್ಬದ ಗ್ರೀಸು

ನಮ್ಮ ಕಡಲತೀರದ ಊರು ಗ್ಯಾನೆಟ್ ಬೇಯಲ್ಲಿ ದೋಣಿಯನ್ನು ಕಾರಿನ ಹಿಂದೆ ಟ್ರೇಲರ್‌ನಲ್ಲಿ ಎಳೆದುಕೊಂಡು ಹೋಗಿ, ಟ್ರೇಲರ್ ಸಮೇತ ಉಪ್ಪುನೀರಿಗೆ ಇಳಿಸುತ್ತಾರೆ. ಓಡಿ ಬಿಸಿಯಾದ ಚಕ್ರ ತಣ್ಣನೆಯ ಸಮುದ್ರಕ್ಕೆ ಇಳಿದೊಡನೆ ಅದರ ಬೇರಿಂಗು ನೀರನ್ನು ಒಳಗೆಳೆದುಕೊಳ್ಳುತ್ತದೆ. ಅದಕ್ಕೆ ನೀರಿಗೆ ಜಗ್ಗದ ನೀಲಿ ಗ್ರೀಸೇ ಆಗಬೇಕು. ಕಾರಿನ ಚಕ್ರಗಳಿಗೆ ಬಿಸಿ ತಾಳುವ ಕೆಂಪು. ಗಾಡಿಯ ಅಡಿಚೌಕಟ್ಟಾದ ಚಾಸಿಯ ಕೀಲುಗಳಿಗೆ ಏಟು ತಿಂದರೂ ಕದಲದ ಕಪ್ಪು. ಮದುವೆಯಾದ ಹೊಸದರಲ್ಲೇ ಇದನ್ನೆಲ್ಲ ನಾನು ಕಲಿತೆ. ಮೆಕ್ಯಾನಿಕ್ ಗಂಡನ ಅಂಗಿ ಒಗೆಯುವವಳಿಗೆ ಗ್ರೀಸಿನ ಬಣ್ಣ ತಿಳಿಯದೆ ಇರುತ್ತದೆಯೇ?

ತನ್ನ ಗ್ಯಾರೇಜು ಮುಚ್ಚಿದ ಮೇಲೆ ನನ್ನ ಗಂಡ ಮರ್ವ್ ಊರಿನ ಶೆಡ್ಡಿಗೆ ಹೋಗತೊಡಗಿದ. ನಿವೃತ್ತರು ಸೇರಿ ಊರವರ ಗಾಡಿ, ಕುರ್ಚಿ, ಸೈಕಲ್ಲು ರಿಪೇರಿ ಮಾಡುವ ಜಾಗ ಅದು. ಹೋದ ವರ್ಷ ಅವನ ಎರಡೂ ಕಣ್ಣಿನ ನೋಟದ ನಡುಭಾಗದಲ್ಲಿ ಮಸುಕು ಬಂದು ಕೂತಿತು. ಅಂಚಿನದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಬಣ್ಣಗಳೆಲ್ಲ ಬೂದಿ.

"ಶೆಡ್ಡಲ್ಲಿ ಹೇಳ್ಬೇಡ ಐವಿ. ಗೊತ್ತಾದ್ರೆ ನನ್ನನ್ನ ಟೀ ಕಾಸೋಕೆ ಕೂರಿಸ್ತಾರೆ," ಎಂದಿದ್ದ. ನಾನು ಮಾತು ಕೊಟ್ಟಿದ್ದೆ. ಗ್ರೀಸಿನ ಡಬ್ಬಗಳನ್ನು ಮೇಜಿನ ಮೇಲೆ ಅವನು ಇಟ್ಟ ಜಾಗದಿಂದಲೇ ಗುರುತು ಹಿಡಿಯುತ್ತಿದ್ದ: ಗೋಡೆಯ ಕಡೆ ಕಪ್ಪು, ನಡುವೆ ಕೆಂಪು, ಕಿಟಕಿಯ ಕಡೆ ನೀಲಿ.

ಆ ಬುಧವಾರ ಕಡಲ ರಕ್ಷಣಾ ತಂಡದ ಟ್ರೇಲರ್ ಬಂದಿತ್ತು. ಅಲೆಗೆ ಸಿಕ್ಕವರನ್ನು ಕರೆತರಲು ಹೊರಟ ದೋಣಿ ಟ್ರೇಲರ್‌ನ ಚಕ್ರ ಕಚ್ಚಿಕೊಂಡು ದಾರಿಯಲ್ಲೇ ನಿಂತರೆ ಗತಿಯೇನು? ನಾನು ಟೀ ಜೊತೆಗೆಂದು ಖರ್ಜೂರದ ಸ್ಕೋನು ಬನ್ನುಗಳನ್ನು ತೆಗೆದುಕೊಂಡು ಹೋದಾಗ ಮರ್ವ್ ಒಂದು ಚಕ್ರಕ್ಕೆ ಗ್ರೀಸು ತುಂಬಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದ.

"ಟೀಚರಮ್ಮ ಬಂದ್ರು, ಎಲ್ರೂ ಕೈ ತೊಳ್ಕೊಳ್ರೋ!" ಎಂದ ಡೆಸ್, ಮರ್ವ್‌ನ ಹಳೆಯ ಗೆಳೆಯ. ನಾನು ಶಾಲೆಯ ಕೆಲಸ ಬಿಟ್ಟು ವರ್ಷಗಳಾದರೂ ಅವನಿಗೆ ಟೀಚರಮ್ಮನೇ.

"ನೀನು ಕೈ ತೊಳೆದ್ರೆ ಸಮುದ್ರ ಕಪ್ಪಾಗುತ್ತೆ ಕಣೋ," ಎನ್ನುತ್ತ ಮರ್ವ್ ಕಿಟಕಿಯ ಕಡೆಯ ಡಬ್ಬಕ್ಕೆ ಬೆರಳು ಹಾಕಿದ.

ಅಂಗೈಗೆ ಬಂದದ್ದು ಕಪ್ಪು. ಮೊದಲೆಲ್ಲ ಬೆರಳಲ್ಲಿ ಉಜ್ಜಿ ನೋಡದೆ ಮುಂದುವರಿಯುತ್ತಿರಲಿಲ್ಲ. ಈಗ ಯಾರಾದರೂ ಗಮನಿಸಿಯಾರು ಎಂಬ ಹೆದರಿಕೆಗೆ ಎಲ್ಲದರಲ್ಲೂ ಅವಸರ. ಹೇಳಿದರೆ ಕೊಟ್ಟ ಮಾತು ಹೋಯಿತು. ಹೇಳದಿದ್ದರೆ ಆ ದೋಣಿ.

ಶೆಡ್ಡು ನಡೆಸುವ ಟೀಗನ್‌ಗೆ ನನ್ನ ಮಗಳ ವಯಸ್ಸು. ಅವಳೂ ಅದನ್ನು ನೋಡಿದ್ದಳು. ನಡುವೆ ಇದ್ದ ನೀಲಿ ಡಬ್ಬ ತಂದು ಅವನ ಪಕ್ಕ ನಿಂತಳು. "ಮರ್ವ್, ಇದನ್ನ ಬೆರಳಲ್ಲಿ ಉಜ್ಜಿ ನೋಡಿ."

ಅವನು ಉಜ್ಜಿದ. ಬೆರಳು ಬಿಡಿಸಿದಾಗ ಗ್ರೀಸು ನೂಲಿನಂತೆ ಎಳೆ ಬಿಟ್ಟಿತು. "ಚೆನ್ನಾಗಿದೆ. ದೋಣಿ ಟ್ರೇಲರ್‌ಗೆ ಇದೇ..." ಎಂದವನು ನಿಲ್ಲಿಸಿದ. ಇನ್ನೊಂದು ಅಂಗೈಯಲ್ಲಿದ್ದುದನ್ನು ಹೆಬ್ಬೆರಳಿನಿಂದ ಸವರಿದ. ಅದು ಎಳೆ ಬಿಡದೆ ಬೆಣ್ಣೆಯಂತೆ ತುಂಡಾಯಿತು.

"ಇದು ಚಾಸಿದು, ಅಲ್ವಾ?"

"ಹೌದು," ಎಂದಳು ಟೀಗನ್.

ಅಷ್ಟಕ್ಕೆ ಬಿಡಬಹುದಿತ್ತು. ಮುಗಿಸಿದ ಚಕ್ರವನ್ನು ಬಿಚ್ಚಿ ನೋಡುವವರು ಯಾರೂ ಇರಲಿಲ್ಲ. ಮರ್ವ್ ಮಾತ್ರ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದ: "ಆ ಚಕ್ರಕ್ಕೂ ಇದನ್ನೇ ತುಂಬಿದೀನಿ. ಬಿಚ್ಚಬೇಕು. ನನಗೆ ಕಣ್ಣು ಕಾಣಿಸ್ತಿಲ್ಲ ಕಣ್ರೋ."

ಡೆಸ್ ಹತ್ತಿರ ಬಂದ. "ಡಬ್ಬ ಜರುಗಿಸಿದ್ದು ನಾನು, ಮುದುಕಾ. ನಿನ್ನೆ ಮೇಜು ಒರೆಸಿದೆ. ಜೀವಮಾನದಲ್ಲಿ ಒಂದ್ಸಲ."

"ಇನ್ಮೇಲೆ ಒರೆಸ್ಬೇಡ," ಎಂದ ಮರ್ವ್. "ಟೀ ಪಾತ್ರೆ ಎಲ್ಲಿದೆ ತೋರಿಸಿ, ಹೋಗ್ತೀನಿ."

"ನಿಮ್ಮ ಟೀ ಕುಡಿದು ನೋಡಿದೀನಿ, ಬೇಡಪ್ಪಾ," ಎಂದಳು ಟೀಗನ್. "ಬನ್ನಿ, ಬಿಚ್ಚೋಣ."

ಬೇರೆ ಬೇರೆ ಗ್ರೀಸು ಬೆರೆತರೆ ತೆಳ್ಳಗಾಗಿ ಸೋರಿಬಿಡಬಹುದು. ಆದ್ದರಿಂದ ಡೆಸ್ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಮರ್ವ್‌ನ ಬಲಗೈಗೆ ಕೊಟ್ಟ. ಟೀಗನ್ ಅವನ ಎಡ ಅಂಗೈಗೆ ನೀಲಿ ಗ್ರೀಸು ಹಾಕಿ, ಬಕೆಟ್ಟು ಬೋರಲು ಹಾಕಿಕೊಂಡು ಪಕ್ಕದಲ್ಲೇ ಕೂತಳು. ಬೇರಿಂಗಿನ ಅಂಚನ್ನು ಅಂಗೈಗೆ ಒತ್ತುತ್ತ ಹೋಗಬೇಕು. ಗ್ರೀಸು ಒಳಗಿನ ಉಕ್ಕಿನ ಉರುಳೆಗಳ ಸಂದಿನಿಂದ ಮೇಲೆದ್ದು ಬರುವುದನ್ನು ಕಣ್ಣಿನಿಂದ ನೋಡಬೇಕು.

ಮರ್ವ್ ಒತ್ತಿದ. "ಬಂತಾ?"

ಟೀಗನ್ ಬಗ್ಗಿ ನೋಡಿದಳು. "ಇನ್ನೂ ಇಲ್ಲ. ಒತ್ತಿ."

"ಈಗ?"

"ಬಂತು. ತಿರುಗಿಸಿ, ಮುಂದಿನದು."