ನೂಲು ಚಲೋ ಐತಿ, ಮಗ್ಗ ನೋಡ್ರಿ

ಕೂಸು ಬೆಳ್ಳಗಿದ್ದರೆ ನಮ್ಮ ಓಣಿಗೆ ಎಲ್ಲಿಲ್ಲದ ಸಂಭ್ರಮ. ಇಳಕಲ್ಲಿನಲ್ಲಿ ನೇಕಾರ ಗುರುಲಿಂಗವ್ವನ ಮೊಮ್ಮಗಳು ಮಹಾದೇವಿಯನ್ನು ತೊಟ್ಟಿಲಿಗೆ ಹಾಕಿದ ದಿನ ಬಂದವರೆಲ್ಲ ಕೂಸಿನ ಬಣ್ಣದ ಮಾತನ್ನೇ ಆಡಿದರು. ಅಜ್ಜಿಯನ್ನು ಹಿಡಿಯುವವರೇ ಇರಲಿಲ್ಲ.

"ನನ್ನ ಹಂಗ ಹುಟ್ಟ್ಯಾಳ. ಸಣ್ಣಾಕಿ ಇದ್ದಾಗ ನನಗೂ ಬಿಳೆವ್ವ ಅಂತಿದ್ರು," ಎಂದು ಎಲೆ ಅಡಿಕೆ ಕೊಡುತ್ತಾ ಹೇಳಿದ್ದೇ ಹೇಳಿದ್ದು.

ಗುರುಲಿಂಗವ್ವ ಬೀಗಿದರೆ ಅದಕ್ಕೆ ಅರ್ಥವೂ ಇದೆ ಅನ್ನಿ. ಸೀರೆಯ ಒಡಲಿಗೆ ಕೆಂಪು ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವಳನ್ನು ಸರಿಗಟ್ಟುವವರು ಓಣಿಯಲ್ಲಿಲ್ಲ. ನೇಯ್ಗೆ ಕೆಟ್ಟರೆ ಬರೀ ಬೆರಳಾಡಿಸಿ, ಇದು ನೂಲಿನ ತಪ್ಪು, ಇದು ಮಗ್ಗದ ತಪ್ಪು ಎಂದು ಹೇಳಿಬಿಡುತ್ತಾಳೆ.

ಮೂರು ತಿಂಗಳಾಗುವಷ್ಟರಲ್ಲಿ ಕೂಸು ಹಾಲು ಕುಡಿಯುತ್ತಲೇ ದಣಿಯತೊಡಗಿತು. ತುಟಿ, ಉಗುರು, ಅಂಗೈ ಎಲ್ಲ ಬಿಳಿ. ಇದು ಬಣ್ಣವಲ್ಲ, ಮೈಯಲ್ಲಿ ರಕ್ತವೇ ಇಲ್ಲ ಎಂದು ಮೊದಲು ಹೊಳೆದದ್ದು ಸೊಸೆ ಶೀಲಾಗೆ. ಕಬ್ಬಿಣಾಂಶದ ಟಾನಿಕ್ ತಂದರು. ಬಾಟಲಿ ಮುಗಿಯಿತು, ಇನ್ನೊಂದು ತಂದರು. ಕೂಸು ಇನ್ನಷ್ಟು ಬಿಳಿಚಿತು.

"ನಮ್ಮ ಮನಿತನದಾಗ ಯಾರಿಗೂ ಇಂಥಾದ್ದಿಲ್ಲ. ಇದು ನಿನ್ನ ತವರಿನ ರಕ್ತ," ಎಂದಳು ಗುರುಲಿಂಗವ್ವ. "ಕೂಸಿನ್ನ ಕರ್ಕೊಂಡು ನಿಮ್ಮವ್ವನ ಮನಿಗೆ ಹೋಗು. ಅವರ ನೋಡ್ಕೊಳ್ಳಿ."

ಬೆಳ್ಳಗಿದ್ದಾಗ ಕೂಸು ಅಜ್ಜಿಯ ಹಾಗೆ, ಬಿಳಿಚಿದಾಗ ಸೊಸೆಯ ತವರಿನ ಹಾಗೆ. ಎಷ್ಟು ಅನುಕೂಲದ ಲೆಕ್ಕ ನೋಡಿ.

ಶೀಲಾ ಚೀಲ ಕಟ್ಟಿದ್ದು ನಿಜ, ಆದರೆ ತವರಿಗಲ್ಲ. "ನಡೀರಿ, ಬಾಗಲಕೋಟಿಗೆ ಹೋಗೂಣು," ಎಂದು ಗಂಡ ಶಿವಪ್ರಕಾಶನನ್ನು ಎಬ್ಬಿಸಿ ಬಸ್ಸು ಹತ್ತಿದಳು.

ಅಲ್ಲಿ ಮಕ್ಕಳ ಡಾಕ್ಟರು ನಜಮಾ. ನಮ್ಮ ಓಣಿಯ ಮಗಳೇ. ಸಣ್ಣವಳಿದ್ದಾಗ ಗುರುಲಿಂಗವ್ವನ ಮಗ್ಗದ ಕೆಳಗೆ ಬಿದ್ದ ನೂಲು ಆರಿಸಿ ಗೊಂಬೆಗೆ ಜಡೆ ಹಾಕುತ್ತಿದ್ದವಳು. ಮೊದಲು ಕೂಸಿಗೆ ರಕ್ತ ಕೊಡಿಸಿದಳು. ಕೂಸು ಕಣ್ಣರಳಿಸಿ ನಕ್ಕಿತು. ಆಮೇಲೆ ಕೂಸಿನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದ ಮೇಲೆ, ಮನೆಮಂದಿಯ ರಕ್ತವನ್ನೂ ನೋಡಬೇಕೆಂದು ತಾನೇ ಇಳಕಲ್ಲಿಗೆ ಬಂದಳು.

ಗುರುಲಿಂಗವ್ವ ಮಗ್ಗದಿಂದ ಏಳಲಿಲ್ಲ. "ರಕ್ತ ಕಡಿಮಿ ಆದ್ರ ಕಬ್ಬಿಣ ಕೊಡೂದು. ಅದಕ್ಕ ಇಷ್ಟೆಲ್ಲಾ ಯಾಕ?"

"ದೊಡ್ಡವ್ವ, ಬಟ್ಟಿ ನೆಟ್ಟಗ ಬರವಲ್ದು ಅಂದ್ರ ನೀವು ಏನ್ ನೋಡ್ತೀರಿ?"

"ಮೊದಲ ನೂಲು ನೋಡ್ತೇನಿ. ನೂಲು ಚಲೋ ಇದ್ರ ಮಗ್ಗ ನೋಡ್ತೇನಿ."

"ಕಬ್ಬಿಣ ಅಂದ್ರ ನೂಲು ಅಂತ ತಿಳ್ಕೋರಿ. ಈಕಿ ಮೈಯಾಗ ನೂಲು ಬೇಕಾದಷ್ಟೈತಿ. ನೀವು ಮತ್ತ ಮತ್ತ ನೂಲ ತಂದು ಸುರಿಯಾಕತ್ತೀರಿ. ತಪ್ಪಿರೂದು ಮಗ್ಗದಾಗ."

ಲಾಳಿಯ ಸದ್ದು ನಿಂತಿತು. "ಮೈಯಾಗ ಎಂಥಾ ಮಗ್ಗ?"

"ಮೈಯಾಗಿನ ಒಂದೊಂದು ಜೀವಕೋಶದೊಳಗ ಕಣ್ಣಿಗೆ ಕಾಣದಂಥ ಮಗ್ಗ ಅದಾವ. ರೈಬೋಸೋಮ್ ಅಂತಾರ. ಮೈಗೆ ಬೇಕಾದ ಪ್ರೋಟೀನೆಲ್ಲಾ ನೇಯೂದು ಅವ. ಆ ಮಗ್ಗದ್ದು ಒಂದು ಸಣ್ಣ ಬಿಡಿಭಾಗ ಐತಿ, ಆರ್‌ಪಿಎಸ್ ಹತ್ತೊಂಬತ್ತು ಅಂತ. ಅದನ್ನ ಮಾಡೂ ಅಳತಿ ನಮ್ಮ ಜೀನಿನಾಗ ಇರ್ತೈತಿ. ಅವ್ವಂದೊಂದು ಪ್ರತಿ, ಅಪ್ಪಂದೊಂದು. ಮಹಾದೇವಿಗೆ ಒಂದು ಪ್ರತಿಯೊಳಗ ಅಳತಿ ತಪ್ಪೈತಿ. ಅದಕ್ಕ ಮಗ್ಗ ಸಾಲವಲ್ದು. ಕೆಂಪು ರಕ್ತ ಆಗಾಕ ಭಾಳ ಮಗ್ಗ ಬೇಕು, ಅಲ್ಲೇ ಮೊದಲ ಕೊರತಿ ಬೀಳ್ತೈತಿ."

ಗುರುಲಿಂಗವ್ವ ಗದ್ದಕ್ಕೆ ಕೈ ಕೊಟ್ಟು ಕೇಳಿದಳು. ಮಗ್ಗದ ಮಾತು ಅವಳಿಗೆ ಎರಡು ಸಲ ಹೇಳಬೇಕಾಗಿಲ್ಲ. "ಹಂಗಾರ ಆ ತಪ್ಪು ಅಳತಿ ಎಲ್ಲಿಂದ ಬಂತು?"

"ಎಷ್ಟೋ ಮಕ್ಕಳಿಗೆ ಯಾರಿಂದಾನೂ ಬಂದಿರೂದಿಲ್ಲ, ಹೊಸದಾಗಿ ಆಗಿರ್ತೈತಿ. ಕೆಲವರಿಗೆ ಅವ್ವನಿಂದ, ಕೆಲವರಿಗೆ ಅಪ್ಪನಿಂದ. ಮುಂದ ಇನ್ನೊಂದು ಕೂಸು ಬೇಕಂದ್ರ ಇದು ಗೊತ್ತಿರಬೇಕು."

"ಸೊಸಿದು ಮೊದಲ ತಗೋ," ಎಂದಳು ಅಜ್ಜಿ. ಅರ್ಥವಾದರೇನು, ಹಠ ಬಿಡಬೇಕಲ್ಲ. ಶೀಲಾ ತೋಳು ಚಾಚಿದಳು. ಶಿವಪ್ರಕಾಶನೂ ಕೊಟ್ಟ. ಕಡೆಗೆ ಅಜ್ಜಿಯೂ ರವಿಕೆಯ ತೋಳು ಸರಿಸಿದಳು. "ನಂದೂ ತಗೋ. ನಮ್ಮ ಮನಿತನ ಎಂಥಾದ್ದು ಅಂತ ಊರಿಗೆ ಗೊತ್ತಾಗ್ಲಿ."

ಗೊತ್ತಾಯಿತು. ಶೀಲಾಳ ಜೀನಿನಲ್ಲಿ ತಪ್ಪಿರಲಿಲ್ಲ. ಶಿವಪ್ರಕಾಶನಲ್ಲಿತ್ತು. ಅವನಿಗೆ ಕೊಟ್ಟ ಗುರುಲಿಂಗವ್ವನಲ್ಲೂ ಇತ್ತು. ಅದೇ ತಪ್ಪಿದ್ದರೂ ಕೆಲವರಲ್ಲಿ ಕಾಯಿಲೆ ತೋರುವುದೇ ಇಲ್ಲ, ಇಲ್ಲವೇ ಅಲ್ಪಸ್ವಲ್ಪ ತೋರಿ ಸುಮ್ಮನಾಗುತ್ತದೆ. ಬಿಳೆವ್ವ ಎಂದು ಜನ ಕರೆದದ್ದು ಬಣ್ಣಕ್ಕೋ ರಕ್ತಕ್ಕೋ, ಈಗ ಯಾರು ಹೇಳಬೇಕು?

ಆ ದಿನ ಮಗ್ಗ ಆಡಲಿಲ್ಲ. ಸಂಜೆ ನಮ್ಮ ಮಹಿಳಾ ಸಂಘದ ಸಭೆಗೆ ಗುರುಲಿಂಗವ್ವ ಸೊಸೆಯ ಕೈ ಹಿಡಿದುಕೊಂಡು ಬಂದಳು, ಪಕ್ಕದಲ್ಲೇ ಕೂರಿಸಿಕೊಂಡಳು.

"ಕೂಸು ನನ್ನ ಹಂಗ ಅಂತ ಹೇಳಿದ್ದೆ. ಖರೇನ ಹೇಳಿದ್ದೆ," ಎಂದಳು. ಯಾರೋ ನಕ್ಕರು. ಅವಳು ನಗಲಿಲ್ಲ. "ನಾನೂ ಬೇಕಂತ ಕೊಟ್ಟದ್ದಲ್ಲ. ಆದ್ರ ಏನೂ ಮಾಡದಾಕಿ ಮ್ಯಾಲೆ ಹೊರಿಸಿದೆ, ಅದು ನನ್ನ ತಪ್ಪು. ಈಕಿ ನನ್ನ ಮಾತು ಕೇಳಿ ತವರಿಗೆ ಹೋಗಿದ್ರ ಕೂಸು ಉಳೀತಿರಲಿಲ್ಲ. ನಾ ನೂಲು ತರ್ಕೋತ ಕುಂತಿದ್ದೆ. ಮಗ್ಗ ನೋಡಬೇಕಂತ ತಿಳದಾಕಿ ನನ್ನ ಸೊಸಿ."

ಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮಗೆಲ್ಲ ಎದೆ ತುಂಬಿ ಬಂತು. ಅಷ್ಟು ದೊಡ್ಡ ಮಾತು ಆಡುವ ಹೆಂಗಸು ನಮ್ಮ ಓಣಿಯವಳು ಎಂದು ಇಂದಿಗೂ ಹೆಮ್ಮೆ.

ವರ್ಷ ತುಂಬುವವರೆಗೆ ಮಹಾದೇವಿ ಉಳಿದದ್ದು ಮುಖ ಕಾಣದ ಜನ ದಾನ ಮಾಡಿದ ರಕ್ತದಿಂದ. ಆಮೇಲೆ ನಜಮಾ ಸ್ಟೀರಾಯ್ಡ್ ಗುಳಿಗೆ ಶುರು ಮಾಡಿದಳು. ಅದು ಎಲ್ಲ ಮಕ್ಕಳಿಗೂ ನಾಟುವುದಿಲ್ಲ, ಮಹಾದೇವಿಗೆ ನಾಟಿತು. ತಪಾಸಣೆಗೆ ಹೋಗುವುದು ಇದ್ದೇ ಇದೆ. ಆದರೆ ಈಗ ಅವಳ ಮೈಯ ಮಗ್ಗವೇ ಅವಳ ರಕ್ತ ನೇಯುತ್ತಿದೆ. ಮನೆಗೆ ಬಂದವರಿಗೆ ಗುರುಲಿಂಗವ್ವ ಮೊಮ್ಮಗಳ ಮುಖ ತೋರಿಸುವುದಿಲ್ಲ, ಅಂಗೈ ಬಿಡಿಸಿ ತೋರಿಸುತ್ತಾಳೆ. "ನೋಡ್ರಿ, ಇಳಕಲ್ ಸೆರಗಿನ ಬಣ್ಣ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೂಸು ಬೆಳ್ಳಗಿದೆ ಎಂದು ಯಾರಾದರೂ ಹೊಗಳಿದರೆ ಹಿಗ್ಗುವ ಮೊದಲು ಅದರ ಅಂಗೈ, ತುಟಿ, ಕಣ್ಣಿನ ಒಳರೆಪ್ಪೆ ನೋಡಿ. ರಕ್ತ ಕಡಿಮೆಯಿರುವ ಹೆಚ್ಚಿನ ಮಕ್ಕಳಿಗೆ ಡಾಕ್ಟರು ಕೊಡುವ ಕಬ್ಬಿಣದ ಔಷಧಿಯೇ ಸಾಕು, ಅದನ್ನು ಬಿಡಬೇಡಿ. ಆದರೆ ಅದರಿಂದ ಗುಣ ಕಾಣದಿದ್ದರೆ, ಇಲ್ಲವೇ ಎಳೆಗೂಸೇ ಬಿಳಿಚಿದ್ದರೆ, ತಡಮಾಡದೆ ದೊಡ್ಡ ದವಾಖಾನೆಗೆ ಕರೆದೊಯ್ಯಿರಿ. ಗಟ್ಟಿಮುಟ್ಟಾಗಿರುವವರು ರಕ್ತ ಕೊಡಿ. ಇದು ಯಾರ ಮನೆಯ ರಕ್ತ ಎಂದು ಮಾತ್ರ ಕೇಳಬೇಡಿ. ಸೊಸೆ ಕೂಸನ್ನೆತ್ತಿಕೊಂಡು ದವಾಖಾನೆಗೆ ಹೊರಟರೆ, ಅವಳ ಚೀಲ ನೀವು ಹಿಡಿದುಕೊಂಡು ಜೊತೆಗೆ ನಡೆಯಿರಿ.